ಗೋಡೆಗೆ ಒರಗಿ ಕೂತಿದ್ದ ನಿನ್ನ ಅವ್ವ

ಇದನ್ನು ಮೊಮ್ಮಕ್ಕಳೆಲ್ಲ ಓದಬಹುದು. ಆದರೆ ಬರೆಯುತ್ತಿರುವುದು ನಿಮ್ಮಲ್ಲಿ ಹಿರಿಯವಳಿಗೆ. ಎದುರು ಕೂತು ಹೇಳುವ ಧೈರ್ಯ ನನಗೆ ಬರಲಿಲ್ಲ.

ನಿನ್ನ ಅವ್ವ, ಅಂದರೆ ನನ್ನ ಮಗಳು, ಕೊನೆಯ ಎರಡು ತಿಂಗಳು ಮಲಗಲೇ ಇಲ್ಲ. ಆಕೆಗೆ ಇಪ್ಪತ್ತಾರು ವರ್ಷ. ಎದೆಯೊಳಗೆ ಕ್ಯಾನ್ಸರಿನ ಗಡ್ಡೆ ಬೆಳೆದು, ಅಂಗಾತ ಮಲಗಿದರೂ ಮಗ್ಗುಲಾದರೂ ಉಸಿರು ಕಟ್ಟುತ್ತಿತ್ತು. ಇನ್ನು ಮಾಡುವುದೇನೂ ಉಳಿದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ನಿನ್ನ ಅಪ್ಪ ರಾಮದುರ್ಗದಿಂದ ನಿಮ್ಮಿಬ್ಬರನ್ನೂ ಬೈಲಹೊಂಗಲದ ಹತ್ತಿರದ ನಮ್ಮೂರಿಗೆ ತಂದು ಬಿಟ್ಟರು. ಬಟ್ಟೆ ಅಂಗಡಿಯ ಕೆಲಸ ಬಿಡುವಂತಿರಲಿಲ್ಲ. ರವಿವಾರ ಬಂದು ಹೋಗುತ್ತಿದ್ದರು. ನಿನಗಾಗ ನಾಲ್ಕು ತುಂಬಿರಲಿಲ್ಲ.

ಪಡಸಾಲೆಯ ಗೋಡೆಗೆ ದಿಂಬುಗಳನ್ನಿಟ್ಟು ಆಕೆಯನ್ನು ಒರಗಿಸಿ ಕೂರಿಸಿದೆವು. ಕಿಟಕಿಯ ಗಾಳಿ ಬರುತ್ತಿದ್ದುದು ಅಲ್ಲಿಗೆ ಮಾತ್ರ. ನಿದ್ದೆಯಲ್ಲಿ ತಲೆ ಮುಂದಕ್ಕೆ ಜೋತರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಹಾಗಾಗಿ ಹಣೆಗೆ ಒಂದು ಮೆತ್ತನೆಯ ಅರಿವೆ ಸುತ್ತಿ ಗೋಡೆಯ ಗೂಟಕ್ಕೆ ಕಟ್ಟುತ್ತಿದ್ದೆ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಹೀಗೆಯೇ ಗೋಡೆಗೆ ಕೂರಿಸಿ, ವಿಭೂತಿ ಹಚ್ಚಿ, ತಲೆ ವಾಲದಂತೆ ಅರಿವೆಯಿಂದ ಕಟ್ಟುತ್ತೇವೆ. ಕೂತ ಹಾಗೆಯೇ ಮಣ್ಣು ಕೊಡುತ್ತೇವೆ. ಹಿಂದಿನ ವರ್ಷ ನಿನ್ನ ಅಜ್ಜನನ್ನು ಕೂರಿಸಿದ್ದು ಅದೇ ಗೋಡೆಗೆ, ಕಟ್ಟಿದ್ದು ಅದೇ ಗೂಟಕ್ಕೆ. ಅವರ ತಲೆಯೆಣ್ಣೆಯ ಕಲೆಯ ಮೇಲೆ ಎರಡು ಸಲ ಸುಣ್ಣ ಬಳಿಸಿದ್ದೆ. ಒಣಗಿದ ಮೇಲೆ ಕಲೆ ಮತ್ತೆ ಮೂಡಿತ್ತು. ಮಗಳ ತಲೆ ಸರಿಯಾಗಿ ಅಲ್ಲಿಗೇ ಬರುತ್ತಿತ್ತು.

ಅಜ್ಜನನ್ನು ನೀನು ನೋಡಿದ್ದೆ. ಅದಕ್ಕೇ ಅವ್ವನ ಹತ್ತಿರ ಹೋಗಲು ಒಲ್ಲೆ ಎನ್ನುತ್ತಿದ್ದೆ. ಆಕೆ ಕಣ್ಣು ಅರ್ಧ ತೆರೆದೇ ನಿದ್ದೆ ಮಾಡುವವಳು. ನೀನು ಹೊಸ್ತಿಲಲ್ಲಿ ನಿಂತು, ಜೋಳದ ಕಾಳು ಒಂದೊಂದೇ ಆಕೆಯ ಕಡೆ ಎಸೆಯುತ್ತಿದ್ದೆ. ಆಕೆ ಕಾಲಿನ ಹೆಬ್ಬೆರಳು ಆಡಿಸಿದರೆ ಸುಮ್ಮನಾಗುತ್ತಿದ್ದೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಕಾಳು. ಸಂಜೆ ಕಸ ಗುಡಿಸಿದರೆ ಹಿಡಿ ತುಂಬ ಕಾಳು ಸಿಗುತ್ತಿತ್ತು.

"ಒಮ್ಮೆ ಮಗ್ಗಲದಾಗ ಮಲಗಿದ್ರ ಸಾಕಿತ್ತವ್ವಾ," ಅನ್ನುತ್ತಿದ್ದಳು ಮಗಳು. "ಅಕಿ ಮೈ ವಾಸನಿ ಮರಿಯಾಕ ಹತ್ತೇತಿ ನನಗ."

ಹೀಗಿರುವಾಗ ಮನೋಳಿಯಿಂದ ನನ್ನ ನಾದಿನಿ ಬಂದಳು. ಮಗಳಿಗೆ ಬಹಳ ಜಡ್ಡು ಎಂಬ ಸುದ್ದಿಯಷ್ಟೇ ಅವಳಿಗೆ ತಲುಪಿತ್ತು. ಬಾಗಿಲಲ್ಲಿ ಕಾಲಿಟ್ಟವಳು ಗೂಟ, ಅರಿವೆ, ಆಕೆ ದಿನಾ ಹಚ್ಚಿಕೊಳ್ಳುವ ಹಣೆಯ ವಿಭೂತಿ ನೋಡಿ ಚೀಲ ಕೈಬಿಟ್ಟು ಎದೆ ಬಡಿದುಕೊಂಡಳು.

"ಹೋದ್ಯಲ್ಲಾ ನನ್ನವ್ವಾ! ನಿಮ್ಮ ಕೈಯಾನ ಗೋದಿ ಹುಗ್ಗಿ ಉಣ್ಣಾಕ ಬರ್ತೇನಿ ಅತ್ತಿ ಅಂದಿದ್ದಿ, ಉಣ್ಣದ ಹೋದ್ಯಲ್ಲಾ! ಬಂಗಾರದಂಥಾ ಗುಣಾ, ಒಂದ ದಿನಾ ಎದುರ ಮಾತಾಡ್ಲಿಲ್ಲಾ!"

ನಾನು ಒಲೆಯ ಮುಂದಿನಿಂದ ಓಡಿ ಬಂದೆ. ಮಗಳು ಕಣ್ಣು ಮುಚ್ಚಿಕೊಂಡು ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಮೆಲ್ಲಗೆ, "ಅತ್ತಿ, ಈಗರೆ ಹುಗ್ಗಿ ತಂದೀರೇನು?" ಅಂದಳು.

ನಾದಿನಿ ಚೀರಿ ಹೊಸ್ತಿಲಾಚೆ ಕುಸಿದಳು. "ಎದಿ ಒಡದು ನಾನ ಹೋಗ್ತಿದ್ನಲ್ಲ ಖೋಡಿ!"

"ಎದುರ ಮಾತಾಡಿಲ್ಲಂತ. ಹ್ವಾದ ಪಂಚಮಿಗೆ ನನಗ ಗಯ್ಯಾಳಿ ಅಂದಾವ್ರು ಯಾರ್ರಿ?"

ನಕ್ಕಿದ್ದು ನಾವು. ನೀನು ನೋಡಿದ್ದು ನಾದಿನಿ ಅತ್ತದ್ದನ್ನಷ್ಟೇ. ಅಜ್ಜನ ಮುಂದೆ ಹಾಗೆ ಅತ್ತವಳೂ ಅವಳೇ. ಅಂದಿನಿಂದ ನೀನು ಹೊಸ್ತಿಲಿಗೂ ಬರಲಿಲ್ಲ. "ಅವ್ವನ್ನೂ ಕುಂಡ್ರಿಸ್ಯಾರ" ಎಂದು ಹಿತ್ತಲಲ್ಲಿ ಕರುವಿಗೆ ಹೇಳುತ್ತಿದ್ದೆ. ಕಾಳು ಬರದಿದ್ದರೂ ಮಗಳು ಹೆಬ್ಬೆರಳು ಆಡಿಸುತ್ತಲೇ ಇದ್ದಳು.

ನಾಲ್ಕು ದಿನ ಬಿಟ್ಟು ನನ್ನನ್ನು ಹತ್ತಿರ ಕರೆದಳು. "ಸತ್ತ ಮ್ಯಾಲ ಉಸಿರಿನ ತ್ರಾಸ ಇರಂಗಿಲ್ಲಲ್ಲ ಅವ್ವಾ. ಆಗ ಮದ್ಲ ನನ್ನ ಮಲಗಸು. ಅಕಿನ್ನ ಮಗ್ಗಲಕ ಬಿಡು. ಬೇಕಾದ್ರ ಆಮ್ಯಾಲ ಕುಂಡ್ರಸ್ರಿ."

"ಹುಚ್ಚಿ! ಸಣ್ಣ ಕೂಸನ್ನ ಹೆಣದ ಮಗ್ಗಲಕ..." ಬಾಯಿ ತಪ್ಪಿ ಬಂದುಬಿಟ್ಟಿತು.

"ಅಕಿಗೆ ನಾ ಅವ್ವ," ಅಂದಳು.

ನಾನು ಹೂಂ ಅನ್ನಲಿಲ್ಲ.

ಒಂದು ಮುಂಜಾನೆ ರೊಟ್ಟಿ ಬಡಿಯುತ್ತಿದ್ದಾಗ ಆಕೆಯ ಉಸಿರಿನ ಸದ್ದು ನಿಂತಿತು. ಹೋಗಿ ನೋಡಿದರೆ ನಿನ್ನೆ ಇದ್ದ ಹಾಗೆಯೇ ಇದ್ದಳು. ಅದೇ ಗೂಟ, ಅದೇ ಅರ್ಧ ತೆರೆದ ಕಣ್ಣು. ಏನೂ ಬದಲಾಗಿರಲಿಲ್ಲ. ಸತ್ತವಳನ್ನು ಕೂರಿಸುವ ಕೆಲಸವೂ ನಮಗೆ ಉಳಿದಿರಲಿಲ್ಲ.

ಪಕ್ಕದ ಮನೆಯಿಂದ ನಿನ್ನ ಅಜ್ಜನ ಅಣ್ಣ, ನನ್ನ ಭಾವ, ಓಡಿ ಬಂದರು. ಅವರ ಹಿಂದೆ ಓಣಿಯ ಹೆಂಗಸರು. ಮದುವೆಯಾಗಿ ಬಂದಾಗಿನಿಂದ ನಾನು ಭಾವನೆದುರು ಬಾಯಿ ತೆರೆದವಳಲ್ಲ. "ಕುಂತಾಳ, ಹಿಂಗ ಇರ್ಲಿ. ವಿಭೂತಿ ತರ್ರಿ," ಅಂದರು. ನಾನು ತಲೆಯ ಮೇಲೆ ಸೆರಗು ಎಳೆದುಕೊಂಡು ಗೂಟದ ಅರಿವೆ ಬಿಚ್ಚತೊಡಗಿದೆ.

"ಏನ ಮಾಡಾಕತ್ತೀಯವ್ವಾ?"

"ಮಲಗಸ್ತೇನ್ರಿ."

"ಮೈ ಬಿರಸಾದ್ರ ಆಮ್ಯಾಲ ಕುಂಡ್ರಸಾಕ ಬರಂಗಿಲ್ಲ. ಮಣ್ಣು ಹೆಂಗ ಕೊಡೂದು?"

"ಸ್ವಲ್ಪ ಹೊತ್ತು ಹೊರಗ ನಿಂದರ್ರಿ."

ಭಾವ ನನ್ನ ಮುಖ ನೋಡಿದರು. ಎಲ್ಲರನ್ನೂ ಕರೆದುಕೊಂಡು ಕಟ್ಟೆಗೆ ಹೋದರು.

ಮಗಳನ್ನು ಚಾಪೆಯ ಮೇಲೆ ಮಗ್ಗುಲಾಗಿ ಮಲಗಿಸಿ, ಕಣ್ಣು ಮುಚ್ಚಿ, ಒಂದು ತೋಳು ಚಾಚಿಟ್ಟೆ. ಹಿತ್ತಲಿಗೆ ಹೋಗಿ, "ಅವ್ವ ಮಲಗ್ಯಾಳ, ಬಾ," ಅಂದೆ.

"ಕುಂತಿಲ್ಲ?" ಅಂತ ಕೇಳಿದೆ ನೀನು.

"ಕುಂತಿಲ್ಲ."

ನೀನು ಓಡಿ ಹೋಗಿ ಆ ತೋಳಿನ ಮೇಲೆ ತಲೆಯಿಟ್ಟೆ. "ಆಯಿ, ಅವ್ವ ತಣ್ಣಗದಾಳ," ಅಂದೆ. ನಾನು ಇಬ್ಬರ ಮೇಲೂ ಕೌದಿ ಹೊದಿಸಿದೆ. ಎಷ್ಟೋ ದಿನದ ಸುದ್ದಿಯನ್ನೆಲ್ಲ ನೀನು ಆಕೆಯ ಕಿವಿಯಲ್ಲಿ ಹೇಳುತ್ತಿದ್ದೆ. ನಡುನಡುವೆ ಮಾತು ನಿಲ್ಲಿಸಿ, ಕೇಳಿಸಿಕೊಂಡು, "ಹೂಂ" ಅನ್ನುತ್ತಿದ್ದೆ. ನಿನಗೆ ಹಾಗೆಯೇ ನಿದ್ದೆ ಹತ್ತಿತು. ಎತ್ತಿಕೊಂಡಾಗ ಆಕೆಯ ಸೆರಗು ನಿನ್ನ ಮುಷ್ಟಿಯಲ್ಲಿತ್ತು. ಅದರ ಜೊತೆ ಆಕೆಯ ಭುಜವೂ ಸ್ವಲ್ಪ ಎದ್ದಿತು. ಆಮೇಲೆ ಭಾವ ಬಂದು ಕೂರಿಸಿದರು. ಮೈ ಇನ್ನೂ ಮಣಿಯುತ್ತಿತ್ತು.

ಕೌದಿಯೊಳಗೆ ಅವ್ವನ ತೋಳಿನ ಮೇಲೆ ಮಲಗಿದ್ದು ನೆನಪಿದೆ ಎಂದು ನೀನು ಈಗಲೂ ಹೇಳುತ್ತೀ. ಅದು ಆ ದಿನದ್ದು. ಆಕೆ ಬದುಕಿದ್ದಾಗಿನದೆಂದು ನೀನು ತಿಳಿದದ್ದನ್ನು ಇಷ್ಟು ವರ್ಷ ನಾನು ತಿದ್ದಲಿಲ್ಲ. ಸಿಟ್ಟು ಬಂದರೆ ಬರಲಿ. ಆದರೆ ಅವತ್ತು ನೀನು ಹೂಂ ಅಂದದ್ದು ಯಾವ ಮಾತಿಗೆ? ನೆನಪಿದ್ದರೆ ನನಗೆ ಹೇಳು.