ಅಟ್ಟದ ಮೇಲೆ ಮಲಗುವವನು

ಅಮೆರಿಕದ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ ನಮ್ಮ ಹಳೇ ಮನೆಯ ಅಡುಗೆಮನೆಯನ್ನು ದೊಡ್ಡದು ಮಾಡಿಸಲು ಹೊರಟಾಗ, ಹಿಂದಿನ ಮಾಲೀಕರು ಪರ್ಮಿಟ್ ಇಲ್ಲದೆಯೇ ಅಟ್ಟವನ್ನು ಕೋಣೆ ಮಾಡಿಸಿದ್ದರೆಂದು ಗೊತ್ತಾಯಿತು. ಅದೇ ನಮ್ಮ ದೇವರ ಕೋಣೆ. ಸಿಟಿಯ ಇನ್‌ಸ್ಪೆಕ್ಟರ್ ಒಪ್ಪದಿದ್ದರೆ ಅದನ್ನು ಮುಚ್ಚಬೇಕಿತ್ತು. "ಮಲಗೋ ಕೋಣೆ ಅಂದ್ರೆ ರೂಲ್ಸು ಜಾಸ್ತಿ. ಅಲ್ಲಿ ಯಾರೂ ಮಲಗಲ್ಲ ಅಂದ್ಬಿಡಿ, ಸುಲಭವಾಗಿ ಪಾಸಾಗತ್ತೆ" ಎಂದು ಕಾಂಟ್ರಾಕ್ಟರ್ ಹೇಳಿಕೊಟ್ಟಿದ್ದ.

ಇನ್‌ಸ್ಪೆಕ್ಟರ್ ವಯಸ್ಸಾದವರು. ನಾವು ಹೇಳದೆಯೇ ಬೂಟು ಬಿಚ್ಚಿ, ಅಳತೆಯ ಟೇಪು ಹಿಡಿದು ಮೇಲೆ ಬಂದರು.

"ಇಲ್ಲಿ ಯಾರಾದರೂ ಮಲಗುತ್ತಾರಾ?"

"ಇಲ್ಲ" ಎಂದರು ನಮ್ಮ ಯಜಮಾನರು.

ದೇವರ ಮುಂದೆಯೇ ನಿಂತು ಸುಳ್ಳಿಗೆ ತಲೆಯಾಡಿಸಲು ನನಗಾಗಲಿಲ್ಲ. "ಕೃಷ್ಣ ಮಲಗುತ್ತಾನೆ" ಎಂದೆ.

"ಸುಮ್ನಿರೇ!" ಇವರು ಕನ್ನಡದಲ್ಲಿ ಗದರಿದರು.

ನಾನು ತೊಟ್ಟಿಲಿನ ಪರದೆ ಸರಿಸಿದೆ. ದಿನವೂ ಹಾಲು ನೈವೇದ್ಯ ಮಾಡಿ ನಾನೇ ಮಲಗಿಸುವ ಗೇಣುದ್ದದ ಬಾಲಕೃಷ್ಣ. ಇನ್‌ಸ್ಪೆಕ್ಟರ್ ನಗಲಿಲ್ಲ; ಬಗ್ಗಿ ನೋಡಿದರು.

"ಬೆಂಕಿ ಹತ್ತಿಕೊಂಡರೆ ಇವನು ಹೊರಗೆ ಹೋಗುವುದು ಹೇಗೆ?"

"ನಾನು ಓಡಿಬಂದು ಎತ್ತಿಕೊಳ್ಳುತ್ತೇನೆ."

"ಅಷ್ಟರಲ್ಲಿ ಮೆಟ್ಟಿಲು ಉರಿಯುತ್ತಿದ್ದರೆ ನೀವು ಹೇಗಮ್ಮಾ ಹೋಗುತ್ತೀರಿ?"

ಕೃಷ್ಣ ನನ್ನನ್ನು ಕಾಪಾಡುತ್ತಾನೆಂದು ಮೊದಲಿಂದಲೂ ನಂಬಿದವಳು ನಾನು. ಅದಕ್ಕಾಗಿ ಟೇಪು ಹಿಡಿದವರನ್ನೂ ಕಳಿಸಬಹುದೆಂದು ಮಾತ್ರ ಹೊಳೆದಿರಲಿಲ್ಲ.

ಮನುಷ್ಯರು ಹೊರಬರುವಷ್ಟು ದೊಡ್ಡ ಕಿಟಕಿ ಇಡಿಸಿದ ಮೇಲೆ ಒಪ್ಪಿಗೆ ಸಿಕ್ಕಿತು. ಈಗ ಬೆಳಗಿನ ಬಿಸಿಲು ನೇರವಾಗಿ ತೊಟ್ಟಿಲಿಗೇ ಬೀಳುತ್ತದೆ. ನಾನು ಸ್ನಾನ ಮುಗಿಸಿ ಎಬ್ಬಿಸಲು ಹೋಗುವಷ್ಟರಲ್ಲಿ ಅವನು ಆಗಲೇ ಎಚ್ಚರವಾಗಿರುತ್ತಾನೆ. ಈ ಮನೆಯಲ್ಲಿ ತಡವಾಗಿ ಏಳುವವಳು ನಾನೇ ಎಂದು ಕಡೆಗೂ ಇತ್ಯರ್ಥವಾಯಿತು.