ಬಣವೆಯೊಳಗೆ ತೂರಿಸಿದ ಕೈ

ಮೊನ್ನೆ ನ್ಯಾಮತಿ ರಸ್ತೆಯಲ್ಲಿ ಬಸ್ಸು ಕೆಟ್ಟು ನಿಂತಾಗ, ಪಕ್ಕದ ಹೊಲದಲ್ಲಿ ಮಿಷಿನ್ ಸುತ್ತಿಟ್ಟ ಹುಲ್ಲಿನ ರೋಲುಗಳಿಂದ ಸಿಹಿ ವಾಸನೆ ಬಂತು. ಪೂರ್ತಿ ಒಣಗದ ಹುಲ್ಲಿನ ವಾಸನೆ ಅದು, ನನಗೆ ಚೆನ್ನಾಗಿ ಗೊತ್ತು.

ಚಿಕ್ಕಂದಿನಲ್ಲಿ ನಮಗೆ ಮುಕ್ಕಾಲು ಎಕರೆ ಹುಲ್ಲಿನ ಬೀಳು ಜಮೀನಿತ್ತು. ಎರಡು ಎತ್ತು, ಒಂದು ಹಸು ಬೇಸಿಗೆ ಕಳೆಯಬೇಕಾದದ್ದು ಅದರಲ್ಲೇ. ಕೊಯ್ದು ಹರಡಿದ ಹುಲ್ಲನ್ನು ಅಜ್ಜಿ ದಿನಾ ಬೆರಳಿಗೆ ಸುತ್ತಿ ನೋಡುತ್ತಿದ್ದಳು. ಮುರಿದರೆ ಹೊರೆ ಕಟ್ಟಬಹುದು, ಬಳುಕಿದರೆ ಇನ್ನೊಂದು ಬಿಸಿಲು ಬೇಕು. ಒಂದು ವರ್ಷ ಅಜ್ಜಿ ಹೊನ್ನಾಳಿಗೆ ಹೋಗಿದ್ದಾಗ ಮೋಡ ಕವಿಯಿತು. ಅಪ್ಪ ಹೆದರಿ, ಹೊರೆ ಕಟ್ಟಿಸಿ ಬಣವೆ ಒಟ್ಟಿಬಿಟ್ಟ.

ನಾಲ್ಕನೇ ದಿನ ಅಜ್ಜಿ ಬಂದವಳೇ ಬಣವೆಗೆ ಒಂದು ಸುತ್ತು ಹಾಕಿ ನನ್ನನ್ನು ಕರೆದಳು. "ನಿನ್ನ ಕೈ ಸಣ್ಣದೈತೆ. ಒಳಗೆ ತೂರ್ಸು."

ಭುಜದವರೆಗೆ ತೂರಿಸಿದೆ. "ಬೆಚ್ಚಗೈತಜ್ಜಿ, ಹಸುವಿನ ಹೊಟ್ಟೆ ಇದ್ದಂಗೆ" ಎಂದೆ ಖುಷಿಯಿಂದ.

ಅಪ್ಪನ ಮುಖ ಇಳಿಯಿತು. ಒಳಗೆ ಕಾವೇರಿದ ಹುಲ್ಲು ಬೂಷ್ಟು ಹಿಡಿಯುತ್ತದೆ, ದನ ಮೂಸುವುದೂ ಇಲ್ಲ. ಅಜ್ಜಿ ಬೈಯಲಿಲ್ಲ. "ಮೋಡ ಹೋತಲ್ಲ, ಬಿಚ್ಚಾಕೆ ಹತ್ತು" ಎಂದಳಷ್ಟೇ. ಇಡೀ ಬಣವೆ ಬಿಚ್ಚಿ ಮತ್ತೆ ಹರಡಿದೆವು.

ಅಲ್ಲಿಂದ ಪ್ರತಿ ವರ್ಷ ಅಪ್ಪ ನನ್ನ ಕೈಯನ್ನೇ ಕೇಳುತ್ತಿದ್ದ. ಮದುವೆಯಾಗಿ ತವರಿಗೆ ಬಂದಾಗಲೂ ಬಳೆ ಮೇಲೇರಿಸಿಕೊಂಡು ತೂರಿಸುತ್ತಿದ್ದೆ. "ಹೆಂಗೈತವ್ವ ಒಳಗೆ?" ಎನ್ನುತ್ತಿದ್ದ.

ಮೊನ್ನೆಯೂ ಬಸ್ಸಿಳಿದು ಒಂದು ರೋಲಿಗೆ ಕೈ ತೂರಿಸಿದೆ. ಮಣಿಕಟ್ಟಿನವರೆಗೆ ಮಾತ್ರ ಹೋಯಿತು, ಆಗಲೇ ಬೆಚ್ಚಗಿತ್ತು. "ಇನ್ನೊಂದು ಬಿಸಿಲು ಬೇಕಿತ್ತಲ್ಲಪ್ಪ" ಎಂದೆ ಅಲ್ಲೇ ನಿಂತಿದ್ದ ಹೊಲದವನಿಗೆ.

"ಮಿಷಿನ್ ಸಿಕ್ಕಿದ್ದೇ ಇವತ್ತು, ಏನ್ ಮಾಡಾಕಾಗ್ತೈತ್ರಿ" ಎಂದು ಅವನು ಮೋಡ ನೋಡಿದ. ಆ ವರ್ಷ ಅಪ್ಪನೂ ಹಾಗೆಯೇ ನೋಡಿರಬೇಕು.