ಗೆರೆ ಕೂಡದ ರಂಗೋಲಿ

ನಮ್ಮ ಅತ್ತೆಗೆ ವಾಕಿಂಗ್ ಎಂಬ ಮಾತೇ ಆಗಿಬರುವುದಿಲ್ಲ. "ಅದು ಡಾಕ್ಟರಿಗೆ ಹೆದರಿ ಮಾಡೋದು ಕಣಮ್ಮ. ನಾನು ರಂಗೋಲಿ ನೋಡೋಕೆ ಹೋಗ್ತೀನಿ" ಎನ್ನುತ್ತಿದ್ದರು.

ದಿನಾ ಬೆಳಿಗ್ಗೆ ವಿದ್ಯಾರಣ್ಯಪುರದ ನಮ್ಮ ಬೀದಿಯಿಂದ ಪಕ್ಕದ ಸಿಂಗಾಪುರ ಬಡಾವಣೆಯ ಕಡೆಗೆ ಹೊರಡುವರು. ಯಾರದೋ ಬಾಗಿಲ ಮುಂದೆ ನಿಂತು, ತೋರುಬೆರಳಿನಿಂದ ಅಂಗೈ ಮೇಲೆ ಗೆರೆ ಎಳೆದುಕೊಂಡು, ಬಂದು ನಮ್ಮ ಬಾಗಿಲಿಗೆ ಹಾಕುವರು. ನೋಡಿದ್ದು, ಹಾಕಿದ್ದು ಎರಡೂ ಒಂದೇ ಥರ ಇರುತ್ತಿರಲಿಲ್ಲ. ಹುಬ್ಬಳ್ಳಿಯಿಂದ ಸೊಸೆಯಾಗಿ ಬಂದ ಹೊಸತರಲ್ಲಿ ನಾನು ಜಾಣತನ ತೋರಿಸಿ, ಫೋಟೋ ತೆಗೆದುಕೊಳ್ಳಬಹುದಲ್ಲ ಎಂದಿದ್ದೆ.

"ಬೇಡಮ್ಮ. ನಡ್ಕೊಂಡ್ ಬರೋವಾಗ ಅರ್ಧ ಮರ್ತೋಗತ್ತಲ್ಲ, ಆ ಅರ್ಧನೇ ನನ್ನ ರಂಗೋಲಿ."

ಮಂಡಿ ಆಪರೇಷನ್ ಆದ ಮೇಲೆ ಅವರು ಗೇಟು ದಾಟಲಿಲ್ಲ. ಗಾಯ ಮಾಗಿತು, ಡಾಕ್ಟರು ಧೈರ್ಯವಾಗಿ ನಡೆಯಿರಿ ಎಂದರು. ಬಿದ್ದುಬಿಟ್ಟರೆ ಎಂಬ ಭಯಕ್ಕೆ ಜಪ್ಪಯ್ಯ ಅಂದರೂ ಹೊರಗೆ ಕಾಲಿಡಲಿಲ್ಲ. ಮೂರು ತಿಂಗಳು ರಂಗೋಲಿ ಪುಡಿಯ ಡಬ್ಬಿ ಕಿಟಕಿಯಲ್ಲೇ ಕೂತಿತ್ತು. ಅದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು.

ಕೊನೆಗೆ ಆಫೀಸಿಗೆ ಮುಂಚೆ ಅವರ ದಾರಿಯಲ್ಲಿ ನಾನೇ ನಡೆಯತೊಡಗಿದೆ. ಅಲ್ಲಿಯವರೆಗೆ ಕೈಯ ವಾಚು ಹೇಳಿದಷ್ಟು ಹೆಜ್ಜೆ ಹಾಕಿ ಮುಗಿಸುತ್ತಿದ್ದವಳು ಈಗ ಬಾಗಿಲು ಬಾಗಿಲಿಗೂ ನಿಂತೆ. ನಡಿಗೆ ನಿಧಾನವಾಯಿತು, ತಲೆಯೊಳಗಿನ ಗಡಿಬಿಡಿಯೂ ಇಳಿಯಿತು. ನೆನಪಿದ್ದಷ್ಟು ಕಾಗದದ ಮೇಲೆ ಬರೆದು ತೋರಿಸಿದರೆ ಅತ್ತೆ ಮೂಗು ಮುರಿಯುವರು.

ಒಂದು ಭಾನುವಾರ ಮೂಲೆಮನೆಯ ರಂಗೋಲಿ ಬರೆದುಕೊಟ್ಟೆ.

"ಇದೇನೇ, ಗೆರೆನೇ ಕೂಡಿಲ್ಲ?"

"ಖರೇನ ಹಂಗ ಇತ್ರೀ ಅತ್ತಿ."

"ಆ ಮನೆಯವಳು ಗೆರೆ ಬಿಡೋಳಲ್ಲ."

"ನಾ ಕಣ್ಣಾರೆ ನೋಡೇನ್ರೀ!"

ಅತ್ತೆ ಕಾಗದವನ್ನು ಹಿಂದೆ ಮುಂದೆ ತಿರುಗಿಸಿದರು. ಆಮೇಲೆ ಕೋಲಿಗೆ ಕೈ ಹಾಕಿ, "ನನ್ನ ಚಪ್ಪಲಿ ಎಲ್ಲಿ?" ಎಂದರು.

ಒಂದು ಕೈ ಕೋಲಿನ ಮೇಲೆ, ಇನ್ನೊಂದು ನನ್ನ ಭುಜದ ಮೇಲೆ. ಗೇಟಿನ ಹತ್ತಿರ ಅವರ ಬೆರಳುಗಳು ನನ್ನ ಭುಜವನ್ನು ಗಟ್ಟಿಯಾಗಿ ಹಿಡಿದವು, ನಾನು ಹೆಜ್ಜೆ ಸಣ್ಣದು ಮಾಡಿದೆ. ಐದು ನಿಮಿಷದ ದಾರಿಗೆ ಅರ್ಧ ಗಂಟೆ ಬೇಕಾಯಿತು.

ಮೂಲೆಮನೆಯ ರಂಗೋಲಿಯಲ್ಲಿ ಗೆರೆಗಳೆಲ್ಲ ಸರಿಯಾಗಿ ಕೂಡಿದ್ದವು. ನಾನೇ ಒಂದು ಸಾಲು ಚುಕ್ಕಿ ದಾರಿಯಲ್ಲಿ ಮರೆತು ಬಂದಿದ್ದೆ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಖುಷಿಯಾಯಿತು. ಬೈಗುಳಕ್ಕೆ ತಯಾರಾಗಿ ನಿಂತೆ.

ಅತ್ತೆ ನನ್ನ ಕಡೆ ನೋಡಲೇ ಇಲ್ಲ. ಕೋಲನ್ನು ನನ್ನ ಕೈಗೆ ಕೊಟ್ಟು, ಅಂಗೈ ಮೇಲೆ ಗೆರೆ ಎಳೆದುಕೊಳ್ಳುತ್ತಿದ್ದರು. ಆಮೇಲೆ ಹೇಳಿದರು:

"ನಡಿ, ಪಕ್ಕದ ಬೀದೀಗೂ ಹೋಗೋಣ. ನಿನ್ನ ನಂಬ್ಕೊಂಡು ಮನೇಲಿ ಕೂತ್ರೆ ಆಗಲ್ಲ."